ಲಟ್ಟು ಕೂರುವ ಜಾಗ

ಸೆಪ್ಟೆಂಬರ್ 2, ಭಾನುವಾರ

ಇವತ್ತು ಅಕ್ಕ ನನ್ನ ಮುಖಕ್ಕೆ ಟೀ ಎರಚಿದಳು. ಪುಣ್ಯಕ್ಕೆ ಆರಿಹೋಗಿತ್ತು.

ತಿಂಗಳ ಮೊದಲ ಭಾನುವಾರ ಟಾಲಿಗಂಜಿನಿಂದ ಮೆಟ್ರೋ ಹಿಡಿದು ಶ್ಯಾಮ್‌ಬಜಾರಿಗೆ ಹೋಗಿ ಅವಳನ್ನು ನೋಡಿಕೊಂಡು ಬರುವುದು ನನ್ನ ರೂಢಿ. ಅರ್ಧ ಗಂಟೆ ಕೂರುತ್ತೇನೆ, ತಂದ ಸಂದೇಶ್ ಮಿಠಾಯಿಯ ಡಬ್ಬಿ ಮೇಜಿನ ಮೇಲಿಡುತ್ತೇನೆ, ಅವಳನ್ನು ನೋಡಿಕೊಳ್ಳುವ ಝರ್ಣಾಳ ಹತ್ತಿರ ಔಷಧಿಯ ವಿಷಯ ಎರಡು ಮಾತು ಕೇಳಿ ಎದ್ದು ಬರುತ್ತೇನೆ. ಒಂದೂವರೆ ವರ್ಷದಿಂದ ಅಕ್ಕನಿಗೆ ಮರೆವಿನ ಕಾಯಿಲೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನೀಹಾರಕಣಾ ಟೀಚರಿಗೆ ಈಗ ತನ್ನ ಮನೆಯ ಬಚ್ಚಲು ಯಾವ ಕಡೆಗಿದೆ ಎಂಬುದೂ ನೆನಪಿರುವುದಿಲ್ಲ. ಆದರೂ ಹೋದ ತಿಂಗಳು "ಲಟ್ಟು, ಯಾಕೋ ಇಳಿದು ಹೋಗಿದೀಯಾ?" ಅಂದಿದ್ದಳು.

ಇವತ್ತು ನಾನು ಒಳಗೆ ಕಾಲಿಟ್ಟದ್ದೇ ತಡ, ಎದ್ದು ನಿಂತಳು.

"ಝರ್ಣಾ! ಹಾಲಿನ ಪಾತ್ರೆ ಮುಚ್ಚಿಡು! ಈ ಪಾಪಿ ಒಳಗೆ ಹೇಗೆ ಬಂದ?"

"ಮಾಸಿಮಾ, ಇವರು ನಿಮ್ಮ ತಮ್ಮ..."

"ಯಾವ ತಮ್ಮ? ಇವನು ಆ ರುದ್ರನಾರಾಯಣ. ದಿನಾ ಏಳು ಗಂಟೆಗೆ ನೋಡ್ತಿಲ್ವಾ ನಾನು? ತಬ್ಬಲಿ ಹುಡುಗಿ ಹಾಲಿಗೆ ವಿಷ ಹಾಕ್ದೋನು, ಅವಳನ್ನ ಮನೆಯಿಂದ ಆಚೆ ದಬ್ಬಿದೋನು. ಏಯ್, ನಾಚಿಕೆ ಇಲ್ವಾ ನಿನಗೆ, ಈ ವಯಸ್ಸಲ್ಲಿ?"

ಆಮೇಲೆ ಟೀ.

ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು ಆಚೆ ಬಂದೆ. ಮೆಟ್ಟಿಲಿಳಿಯುವಾಗ ನಗು ಬಂತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ನಲವತ್ತೇಳು ವರ್ಷದಿಂದ ಖಳನಾಯಕ ನಾನು. ಹೀರೋಗಳು ಬದಲಾದರು, ಅವರ ಮಕ್ಕಳು ಹೀರೋಗಳಾದರು, ಏಟು ತಿನ್ನುವವನು ಮಾತ್ರ ಬದಲಾಗಲಿಲ್ಲ. ಸಿನಿಮಾದವರು ಕರೆಯುವುದು ಬಿಟ್ಟ ಮೇಲೆ ಈ ಏಳು ಗಂಟೆಯ ಧಾರಾವಾಹಿ ಬಂತು, ರುದ್ರನಾರಾಯಣನ ದೆಸೆಯಿಂದ ಮತ್ತೆ ಮನೆಮನೆಗೂ ನುಗ್ಗಿದೆ. ಸ್ವಂತ ಅಕ್ಕನೇ ನಂಬಿದಳು ಅಂದರೆ ಬಿಭಾಸ್ ತಲಾಪಾತ್ರನ ನಟನೆಗೆ ಇನ್ನೇನು ಬೇಕು?

ಸೆಪ್ಟೆಂಬರ್ 4, ಮಂಗಳವಾರ

ಸ್ಟುಡಿಯೋದಲ್ಲಿ ಟೀ ಪ್ರಸಂಗ ಹೇಳಿದೆ. ಅಕ್ಕನ ದನಿ, ಕೈ ಬೀಸಿದ ರೀತಿ, ಎಲ್ಲ ಮಾಡಿ ತೋರಿಸಿದೆ. ಮೇಕಪ್ ಕೋಣೆಯಲ್ಲಿ ಬಿದ್ದು ಬಿದ್ದು ನಕ್ಕರು. ಧಾರಾವಾಹಿ ಬರೆಯುವ ಹುಡುಗಿ ಋತಜಾ ಕಣ್ಣೊರೆಸಿಕೊಂಡು, "ಬಿಭಾಸ್‌ದಾ, ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾರು ಕೊಡ್ತಾರೆ ನಿಮಗೆ?" ಅಂದಳು. ಊಟದ ಹೊತ್ತಿನಲ್ಲಿ ಲೈಟಿನವರಿಗೂ ಹೇಳಬೇಕಾಯಿತು. ಮೂರನೇ ಸಲ ಹೇಳುವಾಗ ಯಾಕೋ ಅಷ್ಟು ಚೆನ್ನಾಗಿ ಬರಲಿಲ್ಲ.

ಬರುವ ದಾರಿಯಲ್ಲಿ ಮೀನು ಮಾರುವ ಹೆಂಗಸು, "ರುದ್ರಬಾಬು, ನೀವು ಮಾಡೋ ಪಾಪಕ್ಕೆ ಮುಳ್ಳು ಗಂಟಲಲ್ಲೇ ಸಿಕ್ಕೊಳ್ಳುತ್ತೆ ನೋಡ್ತಿರಿ" ಎಂದು ಬೈದು, ಇಲಿಶ್ ಮೀನಿನ ಒಳ್ಳೆಯ ಹೊಟ್ಟೆಭಾಗ ಆರಿಸಿ ಕೊಟ್ಟಳು. ಒಬ್ಬನಿಗೆ ಒಂದು ತುಂಡು. ಹೆಂಡತಿ ಇಲಾ ಬದುಕಿದ್ದಾಗ ಇಡೀ ಮೀನು ತರುತ್ತಿದ್ದೆ. ಅವಳು ಹೋಗಿ ಒಂಬತ್ತು ವರ್ಷವಾಯಿತು, ಇವತ್ತಿಗೂ ಸಾಸಿವೆ ಎಷ್ಟು ಅರೆಯಬೇಕೆಂದು ನನಗೆ ತಿಳಿಯುವುದಿಲ್ಲ. ಮೀನು ಕಹಿಯಾಯಿತು.

ಸೆಪ್ಟೆಂಬರ್ 9, ಭಾನುವಾರ

ಮುಂದಿನ ತಿಂಗಳ ತನಕ ಕಾಯಬಹುದಿತ್ತು. ಹೋದೆ. ಜೊತೆಗೆ ಒಂದು ಹಳೆಯ ಫೋಟೋ ಒಯ್ದೆ: ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು, ಹಿಂದೆ ಪರದೆಯ ಮೇಲೆ ಬರೆದ ಹಿಮಾಲಯ.

ಫೋಟೋ ನೋಡಿದ್ದೇ ಅವಳ ಮುಖ ಅರಳಿತು. "ಇದು ಲಟ್ಟು! ಬುಗುರಿ ಹಾಗೆ ನಿಂತಲ್ಲಿ ನಿಲ್ತಿರ್ಲಿಲ್ಲ, ಅದಕ್ಕೇ ಲಟ್ಟು. ನನ್ನ ತಮ್ಮ. ಸಿನಿಮಾದಲ್ಲಿ ದೊಡ್ಡ ಆಕ್ಟರು, ಗೊತ್ತಾ?"

"ಈಗ ಎಲ್ಲಿದಾರೆ?" ಎಂದೆ.

"ಶೂಟಿಂಗು. ಪಾಪ, ಬಿಡುವೇ ಕೊಡಲ್ಲ ಅವನಿಗೆ." ಆಮೇಲೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ನಿನಗ್ಯಾಕೆ ಅದೆಲ್ಲ? ಅವನಿಗೂ ಹಾಲು ಕುಡಿಸ್ಬೇಕೂಂತಿದೀಯಾ?"

ಝರ್ಣಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ನನ್ನ ಸಿನಿಮಾ ಬಂದಾಗಲೆಲ್ಲ ಅಕ್ಕ ಮೊದಲ ವಾರವೇ ಹೋಗಿ ನೋಡುತ್ತಿದ್ದಳು. ಆದರೆ ಒಂದರ ಕೊನೆಯನ್ನೂ ನೋಡಿದವಳಲ್ಲ. ಹೀರೋ ಅಂಗಿಯ ತೋಳು ಮಡಚಿಕೊಂಡು ನನ್ನ ಕಡೆಗೆ ನಡೆದು ಬಂದನೆಂದರೆ ಛತ್ರಿ, ಚೀಲ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ತಮ್ಮ ಸಾಯುವುದನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ ಅನ್ನುತ್ತಿದ್ದಳು. ಕಾಳಿಪೂಜೆ ಕಳೆದು ಭಾಯಿಫೋಂಟಾ ಹಬ್ಬ ಬಂದಾಗ, ಎಡಗೈ ಕಿರುಬೆರಳಿನಿಂದ ನನ್ನ ಹಣೆಗೆ ಗಂಧದ ಬೊಟ್ಟಿಟ್ಟು ತಮ್ಮನಿಗೆ ಸಾವು ಬಾರದಿರಲೆಂದು ಯಮನ ಬಾಗಿಲಿಗೆ ಮುಳ್ಳು ಹಾಕುವ ಮಾತು ಹೇಳುವಾಗ, ಆ ವರ್ಷ ಸಿನಿಮಾದಲ್ಲಿ ಹೆಚ್ಚು ಸಲ ಸತ್ತಿದ್ದರೆ ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದಳು. ಡಾರ್ಜಿಲಿಂಗಿನಲ್ಲಿ ಶೂಟಿಂಗ್ ಇದ್ದರೂ ಆ ದಿನಕ್ಕೆ ನಾನು ಇಳಿದು ಬಂದವನೇ.

ಅಪ್ಪ, ಅಮ್ಮ, ಓಣಿಯ ಗೆಳೆಯರು ಯಾರೂ ಉಳಿದಿಲ್ಲ. ಭೂಮಿಯ ಮೇಲೆ ನನ್ನನ್ನು ಲಟ್ಟು ಎಂದು ಕರೆಯುವವಳು ಇವಳೊಬ್ಬಳೇ. ಅವಳಿಗೆ ಲಟ್ಟು ಚೆನ್ನಾಗಿ ನೆನಪಿದ್ದಾನೆ, ಅವನು ನಾನೆಂಬುದು ಮರೆತುಹೋಗಿದೆ. ಈ ವರ್ಷದ ಭಾಯಿಫೋಂಟಾಕ್ಕೆ ಎರಡು ತಿಂಗಳಿದೆ. ಆ ಬೊಟ್ಟು ನನಗೆ ಬೇಕು.

ಸೆಪ್ಟೆಂಬರ್ 17, ಸೋಮವಾರ. ವಿಶ್ವಕರ್ಮ ಪೂಜೆ

ಸ್ಟುಡಿಯೋದಲ್ಲಿ ಕ್ಯಾಮೆರಾ, ಲೈಟುಗಳಿಗೆಲ್ಲ ಹೂವು ಹಾಕಿದ್ದರು. ಆಕಾಶದ ತುಂಬ ಗಾಳಿಪಟ. ಎಲ್ಲರೂ ಖಿಚಡಿ ತಿನ್ನುತ್ತಿದ್ದಾಗ ಋತಜಾಳ ಪಕ್ಕ ಹೋಗಿ ಕೂತೆ.

"ಋತಜಾ, ರುದ್ರನಾರಾಯಣನಿಗೆ ಸ್ವಲ್ಪ ಒಳ್ಳೇ ಬುದ್ಧಿ ಕೊಡಮ್ಮ."

"ಯಾಕೆ ಬಿಭಾಸ್‌ದಾ, ಮೈ ಹುಷಾರಿಲ್ವಾ?"

"ಒಂದೇ ಒಂದು ದೃಶ್ಯ ಸಾಕು. ತಬ್ಬಲಿ ಹುಡುಗಿ ದೋಲನ್ ಮುಂದೆ ಅತ್ತು ಕ್ಷಮೆ ಕೇಳಿಬಿಡ್ತೀನಿ."

"ಸರಿಹೋಯ್ತು. ನೀವು ಒಳ್ಳೆಯವರಾದ್ರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕಷ್ಟೆ. ಜನ ಟೀವಿ ಹಾಕೋದೇ ನಿಮ್ಮನ್ನ ಬೈಯೋಕೆ."

ನಿಜ ಕಾರಣ ಹೇಳಿದೆ. ಈ ಸಲ ಅಭಿನಯಿಸಿ ತೋರಿಸಲಿಲ್ಲ. ಅವಳು ಎಲೆಯ ದೊನ್ನೆಯನ್ನು ಕೆಳಗಿಟ್ಟಳು. ಅವಳಿಗೂ ಇಬ್ಬರು ತಮ್ಮಂದಿರಂತೆ.

"ಒಂದು ದೃಶ್ಯ ಕೊಡ್ತೀನಿ," ಅಂದಳು. "ಮಾರನೇ ದಿನದಿಂದ ಮತ್ತೆ ನೀವು ಕೆಟ್ಟವರಾಗ್ಬೇಕು, ಮಾತು ಅಂದ್ರೆ ಮಾತು."

ಒಪ್ಪಿದೆ.

ಅಕ್ಟೋಬರ್ 5, ಶುಕ್ರವಾರ

ದೃಶ್ಯ ಮುಗಿಯಿತು. ಒಂದೇ ಟೇಕ್! ಕಣ್ಣಿಗೆ ಗ್ಲಿಸರಿನ್ ಹಾಕಲು ಬಂದವನನ್ನು ವಾಪಸ್ ಕಳಿಸಿದೆ. ದೋಲನ್ ಪಾತ್ರದ ಹುಡುಗಿಯ ಮುಂದೆ ಮಂಡಿಯೂರಿ, "ಮಗಳೇ, ಈ ಮುದುಕನಿಗೆ ಇನ್ಯಾರಿದಾರೆ ಹೇಳು" ಎಂಬ ಒಂದು ಮಾತನ್ನು ನಾನೇ ಸೇರಿಸಿಕೊಂಡೆ. ಋತಜಾ ಬರೆದದ್ದರಲ್ಲಿ ಅದು ಇರಲಿಲ್ಲ. ಹುಡುಗಿ ತನ್ನ ಮಾತು ಮರೆತು ನಿಜವಾಗಿ ಅತ್ತುಬಿಟ್ಟಳು. ಲೈಟಿನವರು ಚಪ್ಪಾಳೆ ಹೊಡೆದರು. ಎಪ್ಪತ್ತು ಹತ್ತಿರವಾದರೂ ಕೈ ತಪ್ಪಿಲ್ಲ ನನಗೆ. ಈ ದೃಶ್ಯ ನೋಡಿದರೆ ಕಲ್ಲೂ ಕರಗಬೇಕು. ಅಕ್ಕ ಕರಗದೇ ಇರುತ್ತಾಳೆಯೇ?

ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದೆ. ಅವಳ ಮುಂದೆ ನಿಲ್ಲುವಾಗ ಚೆನ್ನಾಗಿ ಕಾಣಬೇಕು.

ಅಕ್ಟೋಬರ್ 11, ಗುರುವಾರ

ನನ್ನ ಜೀವನದ ಅತಿ ಕೆಟ್ಟ ವಿಮರ್ಶೆ ಇವತ್ತು ಬಂತು.

ಏಳಕ್ಕೆ ಮುಂಚೆ ಹೋಗಿ, ಅಕ್ಕನ ಕಣ್ಣಿಗೆ ಬೀಳದಂತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಟೀವಿಯಲ್ಲಿ ನಾನು ಮಂಡಿಯೂರಿದೆ. ಅತ್ತೆ. ಝರ್ಣಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಕ್ಕ ಕುರ್ಚಿಯ ತುದಿಗೆ ಬಂದು, ಕನ್ನಡಕ ಸರಿಮಾಡಿಕೊಂಡು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗಿಯನ್ನು ನೋಡುವಂತೆ ನೋಡಿದಳು.

"ನಾಟಕ!" ಅಂದಳು.

"ಅಯ್ಯೋ ಇಲ್ಲ ಮಾಸಿಮಾ, ನಿಜವಾಗಿ ಅಳ್ತಿದಾರೆ ನೋಡಿ."

"ನೀನೊಬ್ಬಳು ಪೆದ್ದಿ. ಕಣ್ಣಿಗೆ ಸೋಪು ಹಚ್ಕೊಂಡಿದಾನೆ. ಮೂವತ್ತು ವರ್ಷ ಮಕ್ಕಳ ಕಳ್ಳ ಅಳು ನೋಡಿದೀನಿ ನಾನು. ದೋಲನ್, ನಂಬಬೇಡಮ್ಮ! ನಾಳೆ ಮತ್ತೆ ಆಚೆ ಹಾಕ್ತಾನೆ ಇವನು."

ನಾಳೆ ಆಚೆ ಹಾಕುವುದು ನಿಜ. ಅದರ ಶೂಟಿಂಗೂ ಮುಗಿದಿದೆ.

ಹಿಂದಿನ ಮೆಟ್ಟಿಲಿನಿಂದ ಇಳಿದು ಬಂದೆ. ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಟ್ಯಾಕ್ಸಿಯವನ ಮೇಲೆ ಕೂಗಾಡಿದೆ. ಅವನು ಕನ್ನಡಿಯಲ್ಲಿ ನೋಡಿ, "ಟೀವಿಯಲ್ಲಿ ಇದ್ದ ಹಾಗೇ ಇದೀರಿ ಸಾರ್" ಅಂದ.

ಮಹಾಷ್ಟಮಿ

ಊರಿಗೆ ಊರೇ ಬೀದಿಯಲ್ಲಿದೆ. ಡೋಲಿನ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿದೆ. ಕೆಳಗಿನ ಮನೆಯವರು ಪ್ರಸಾದ ಕೊಟ್ಟು, "ಒಬ್ಬರೇ ಇದೀರಾ?" ಎಂದರು. "ಬರೋರಿದಾರೆ" ಎಂದು ಸುಳ್ಳು ಹೇಳಿದೆ. ಆಮೇಲೆ ಸುಳ್ಳಿಗೆ ಸರಿಯಾಗಿ ಎರಡು ಲೋಟ ತೊಳೆದು ಮೇಜಿನ ಮೇಲಿಟ್ಟೆ.

ಅಕ್ಟೋಬರ್ 20, ಶನಿವಾರ

ನಿನ್ನೆ ದೇವಿಯನ್ನು ನೀರಿಗೆ ಬಿಟ್ಟರು. ಇವತ್ತು ಹಿರಿಯರ ಕಾಲಿಗೆ ಬೀಳುವ ದಿನ. ನನಗೆ ಹಿರಿಯಳೆಂದು ಉಳಿದವಳು ಅಕ್ಕ. ಬಗ್ಗಿದೆ. ಅವಳು ತಟಕ್ಕನೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡು ಸೀರೆಯೊಳಗೆ ಮುಚ್ಚಿಟ್ಟುಕೊಂಡಳು.

"ಮುಟ್ಟಬೇಡ! ಕಾಲು ಹಿಡಿದು ಎಳೆದು ಬೀಳಿಸೋದು ನಿನ್ನ ಹಳೇ ಚಾಳಿ. ಪಾಪ ಆ ಅಜ್ಜಿನ ಮೆಟ್ಟಿಲ ಮೇಲಿಂದ ಹಾಗೇ ಬೀಳಿಸ್ದೆ."

ಹೌದು, ಜುಲೈ ತಿಂಗಳಲ್ಲಿ ಬೀಳಿಸಿದ್ದೆ. ಆ ವಾರ ನಮ್ಮ ಧಾರಾವಾಹಿ ಎಲ್ಲಕ್ಕಿಂತ ಮೇಲಿತ್ತು.

ಬಗ್ಗಿದವನು ಬಗ್ಗಿದ ಹಾಗೇ ಸ್ವಲ್ಪ ಹೊತ್ತು ಇದ್ದೆ. ಝರ್ಣಾ ಬಂದು ಭುಜ ಹಿಡಿದು ಎಬ್ಬಿಸಿದಳು. "ಬಿಡಿ ಬಾಬು, ಬೇಜಾರ್ ಮಾಡ್ಕೋಬೇಡಿ," ಅಂದಳು. ಬೇಜಾರು ಆಯಿತು.

ಅಕ್ಟೋಬರ್ 22, ಸೋಮವಾರ

ಈ ತಿಂಗಳ ಕೊನೆಗೆ ನನ್ನ ಕರಾರು ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಸಹಿ ಹಾಕಿ ಎಂದು ಕಾಗದ ತಂದರು. ಹಾಕುವುದಿಲ್ಲ ಎಂದೆ. ಋತಜಾ ನನ್ನನ್ನು ವರಾಂಡಾಕ್ಕೆ ಎಳೆದುಕೊಂಡು ಹೋದಳು.

"ತಲೆ ಕೆಟ್ಟಿದೆಯಾ ಬಿಭಾಸ್‌ದಾ? ಈ ವಯಸ್ಸಲ್ಲಿ ಇಂಥ ಪಾತ್ರ ಇನ್ನೊಂದು ಬರತ್ತಾ?"

"ಬರಲ್ಲ."

"ಮತ್ತೆ?"

"ರುದ್ರನಾರಾಯಣ ಟೀವಿಯಲ್ಲಿ ಇರೋ ತನಕ ನನಗೆ ಆ ಮನೆಯಲ್ಲಿ ಜಾಗ ಇಲ್ಲ ಕಣಮ್ಮ. ಅವನು ಹೋದ್ರೆ ಅವಳು ಮರೀಬಹುದು. ಎಲ್ಲ ಮರೀತಾಳಲ್ಲ, ಇವನನ್ನೂ ಮರೀಲಿ."

ಅವಳು, "ಹಾಗಾದ್ರೆ ಸಾಯಿಸ್ಬಿಡ್ಲಾ?" ಎಂದು ಕೇಳಿದಳು.

"ಬೇಡ. ಆಮೇಲೆ ನಾನು ಹೋಗಿ ನಿಂತ್ರೆ ದೆವ್ವ ಅಂತಾಳೆ. ಜೈಲಿಗೆ ಹಾಕು."

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳು ಮುಖ ಆಚೆ ತಿರುಗಿಸಿಕೊಂಡಳು.

ಅಕ್ಟೋಬರ್ 30, ಮಂಗಳವಾರ

ಕೊನೆಯ ದಿನ. ಕೈಗೆ ಕೋಳ ಹಾಕಿ ಪೊಲೀಸ್ ಜೀಪಿಗೆ ಹತ್ತಿಸಿದರು. ಜೀಪು ಗೇಟಿನ ತನಕ ಹೋಗಿ ನಿಂತಿತು. ಹೂಗುಚ್ಛ ಕೊಟ್ಟರು, ಮಿಠಾಯಿ ಹಂಚಿದರು, ಯಾರೋ ಫೋಟೋ ತೆಗೆದರು. ನನ್ನನ್ನು ಮೊದಲ ಸಲ ಸಿನಿಮಾಕ್ಕೆ ಕರೆದ ನಿರ್ದೇಶಕರು, ನಿನ್ನ ಕಣ್ಣು ನೋಡಿದರೆ ಮಕ್ಕಳು ಅಳುತ್ತವೆ, ನಾಳೆಯಿಂದ ಬಾ ಎಂದಿದ್ದರು. ಅವತ್ತೂ ಇದೇ ಗೇಟಿನಿಂದ ಒಳಗೆ ಬಂದಿದ್ದೆ.

ಮೀಸೆ ಬೋಳಿಸಿಕೊಂಡೆ. ಕೂದಲಿಗೆ ಬಣ್ಣ ಹಾಕುವುದಿಲ್ಲ ಇನ್ನು. ಕನ್ನಡಿಯಲ್ಲಿ ಯಾರೋ ನಿವೃತ್ತ ಗುಮಾಸ್ತ ಕಾಣುತ್ತಾನೆ.

ನವೆಂಬರ್ 3, ಶನಿವಾರ

ನಿನ್ನೆ ಏಳು ಗಂಟೆಗೆ ರುದ್ರನಾರಾಯಣ ಜೈಲಿಗೆ ಹೋದ. ಅಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದಳಂತೆ. ಝರ್ಣಾಳನ್ನು ಓಡಿಸಿ ರಸಗುಲ್ಲ ತರಿಸಿ ಮೇಲಿನ ಮನೆಯವರಿಗೂ ಕೊಟ್ಟಳಂತೆ. ಒಳ್ಳೆಯದಾಯಿತು, ಇನ್ನು ನನ್ನ ಸರದಿ ಎಂದುಕೊಂಡು ಇವತ್ತು ಹೊಸ ಜುಬ್ಬಾ ಹಾಕಿಕೊಂಡು ಹೊರಟೆ. ಬೋಳು ಮುಖ, ಬಿಳಿ ಕೂದಲು. ಬಾಗಿಲಲ್ಲಿ ನಿಂತು "ಅಕ್ಕಾ" ಎಂದೆ.

ತಲೆಯಿಂದ ಕಾಲಿನ ತನಕ ನೋಡಿದಳು.

"ಜೈಲಿಂದ ತಪ್ಪಿಸ್ಕೊಂಡು ಬಂದ್ಯಾ?"

ನನ್ನ ಕೈ ತಾನಾಗಿ ಬೋಳು ತುಟಿಯ ಮೇಲಕ್ಕೆ ಹೋಯಿತು.

"ಮೀಸೆ ಬೋಳಿಸ್ಕೊಂಡ್ರೆ ಗೊತ್ತಾಗಲ್ಲಾಂದ್ಕೊಂಡ್ಯಾ? ಝರ್ಣಾ, ಶ್ಯಾಮ್‌ಪುಕುರ್ ಠಾಣೆಗೆ ಫೋನ್ ಮಾಡು."

ಕೊನೆಯ ಪಾತ್ರವನ್ನೂ ಬಿಟ್ಟು ಬಂದಿದ್ದೆ. ಇನ್ನು ಬಿಡಲು ಏನೂ ಇರಲಿಲ್ಲ. ವಾಪಸ್ ಹೋದರೆ ಟಾಲಿಗಂಜಿನ ಆ ಮನೆ, ಆ ಎರಡು ಲೋಟ. ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ರುದ್ರನಾರಾಯಣನ ದನಿಯಲ್ಲೇ ಹೇಳಿದೆ:

"ತಪ್ಪಿಸ್ಕೊಂಡಿಲ್ಲ ಟೀಚರ್. ಸಂಜೆ ಹೊತ್ತು ಬಿಡ್ತಾರೆ. ದೊಡ್ಡೋರ ಹತ್ರ ನಾಲ್ಕು ಒಳ್ಳೇ ಮಾತು ಕೇಳ್ಕೊಂಡು ಬಾ ಅಂತ ಜೈಲರ್ ಸಾಹೇಬ್ರೇ ಕಳ್ಸಿದಾರೆ."

ಅವಳು ಯೋಚಿಸಿದಳು. ಎಷ್ಟೋ ತಿಂಗಳ ಮೇಲೆ ಅವಳ ಬೆನ್ನು ನೆಟ್ಟಗಾಯಿತು.

"ಬುದ್ಧಿವಂತ ಜೈಲರು," ಅಂದಳು. "ಚಪ್ಪಲಿ ಆಚೆ ಬಿಡು. ಕೈಕಾಲು ತೊಳ್ಕೊಂಡು ಬಾ. ಶಾಲೆಗೆ ಎಲ್ಲಿ ತನಕ ಹೋಗಿದೀಯಾ?"

ನವೆಂಬರ್ 4, ಭಾನುವಾರ

ಹೋಗಿದ್ದೆ. ಬಟಾಣಿ ಸುಲಿಸಿದಳು. ಸಿಪ್ಪೆಯಲ್ಲಿ ಎರಡು ಕಾಳು ಉಳಿದಿದ್ದಕ್ಕೆ ಬೈದಳು.

ನವೆಂಬರ್ 5, ಸೋಮವಾರ

ನದಿಗಳ ಪಾಠ. ತೀಸ್ತಾ ಎಲ್ಲಿ ಹುಟ್ಟುತ್ತದೆ, ದಾಮೋದರ ಎಲ್ಲಿ ಹುಟ್ಟುತ್ತದೆ, ಎಲ್ಲ ಹೇಳಿದೆ. ರೂಪನಾರಾಯಣ ಎಲ್ಲಿ ಸೇರುತ್ತದೆ ಎಂದು ಕೇಳಿದಾಗ ತಡವರಿಸಿದೆ.

"ಹೂಗ್ಲಿಗೆ ಕಣೋ ದಡ್ಡ! ಹೆಸರಲ್ಲಿ ನಾರಾಯಣ ಇದ್ರೆ ಸಾಲದು, ಆ ನದಿ ಹಾಗೆ ದೊಡ್ಡದ್ರಲ್ಲಿ ಹೋಗಿ ಸೇರೋದು ಕಲೀಬೇಕು."

ನಾಳೆಗೆ ಉಪನದಿಗಳನ್ನು ಬಾಯಿಪಾಠ ಮಾಡಿಕೊಂಡು ಬರಬೇಕಂತೆ. ಮೆಟ್ರೋದಲ್ಲಿ ಹೇಳಿಕೊಳ್ಳುತ್ತಾ ಬಂದೆ, ಎದುರು ಕೂತ ಹುಡುಗಿ ಎದ್ದು ಬೇರೆ ಸೀಟಿಗೆ ಹೋದಳು.

ನವೆಂಬರ್ 7, ಬುಧವಾರ

ನಿನ್ನೆ ಕಾಳಿಪೂಜೆ. ಪಟಾಕಿ ಸದ್ದಿಗೆ ಅಕ್ಕ ಹೆದರುತ್ತಾಳೆಂದು ಸಂಜೆಯೆಲ್ಲ ಅಲ್ಲೇ ಇದ್ದೆ. ದೊಡ್ಡ ಪಟಾಕಿ ಹೊಡೆದಾಗಲೆಲ್ಲ ನನ್ನ ತೋಳು ಹಿಡಿದುಕೊಂಡು, "ಲಟ್ಟು ಹೆದರ್ತಾನೆ, ಪಾಪ, ಎಲ್ಲಿದಾನೋ" ಅನ್ನುತ್ತಿದ್ದಳು. ಅವಳ ಉಗುರು ಬೆಳೆದಿದೆ, ಝರ್ಣಾಗೆ ಹೇಳಬೇಕು.

ಒಬ್ಬ ಸಿನಿಮಾ ನಿರ್ಮಾಪಕ ಮೂರು ದಿನದಿಂದ ಫೋನ್ ಮಾಡುತ್ತಿದ್ದಾನೆ. ವಾಪಸ್ ಮಾಡಲು ಮರೆತೆ. ಇವತ್ತು ಉಪನದಿಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದೆ.

ನವೆಂಬರ್ 9, ಶುಕ್ರವಾರ. ಭಾಯಿಫೋಂಟಾ

ಬೆಳಿಗ್ಗೆಯೇ ಸ್ನಾನ ಮಾಡಿ, ಹೊಟ್ಟೆಗೇನೂ ಹಾಕಿಕೊಳ್ಳದೆ ಹೋದೆ. ಅಕ್ಕ ಆ ಹೊತ್ತಿಗಾಗಲೇ ತಯಾರಾಗಿ ಕೂತಿದ್ದಳು. ನೀಲಿ ಅಂಚಿನ ಬಿಳಿ ಸೀರೆ, ಒದ್ದೆ ಕೂದಲು. ನೆಲದ ಮೇಲೆ ಮಣೆ, ಅದರ ಮುಂದೆ ತುಪ್ಪದ ದೀಪ, ಹಿತ್ತಾಳೆ ತಟ್ಟೆಯಲ್ಲಿ ಗಂಧ, ಗರಿಕೆ, ಭತ್ತ, ಐದು ಬಗೆಯ ಮಿಠಾಯಿ. ಊಟದ ಹೊತ್ತು ಮರೆಯುವವಳು ಇದರಲ್ಲಿ ಒಂದನ್ನೂ ಮರೆತಿರಲಿಲ್ಲ. "ಕತ್ತಲಲ್ಲೇ ಎದ್ದು ಗಂಧ ತೇದಿದಾರೆ ಬಾಬು, ಒಂದು ಗುಟುಕು ನೀರೂ ಕುಡಿದಿಲ್ಲ," ಎಂದಳು ಝರ್ಣಾ.

ಇಷ್ಟು ದಿನ ಸಲುಗೆಯಾಗಿದೆ, ಇವತ್ತು ಬೇಡ ಅನ್ನಲಿಕ್ಕಿಲ್ಲ ಎಂದುಕೊಂಡು ಹೋಗಿ ಮಣೆಯ ಮೇಲೆ ಕೂತೆ.

"ಏಳು!" ಅವಳ ದನಿಗೆ ದೀಪ ಅಲ್ಲಾಡಿತು. "ಅದು ಲಟ್ಟು ಕೂರೋ ಜಾಗ."

ಎದ್ದು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತೆ. ಕಾದೆವು. ಅಕ್ಕಪಕ್ಕದ ಮನೆಗಳಲ್ಲಿ ಒಂದಾದ ಮೇಲೊಂದು ಶಂಖ ಊದಿದರು. ಪ್ರತಿ ಸಲ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬಿಸಿಲು ಕಿಟಕಿಯಿಂದ ಇಳಿದು ಮಣೆಯ ಮೇಲೆ ಬಂತು. ಗಂಧ ಒಣಗಿತು, ನೀರು ಹಾಕಿ ಕಲಸಿದಳು, ಮತ್ತೆ ಒಣಗಿತು.

"ಟೀಚರ್, ಏನಾದ್ರೂ ತಿನ್ನಿ."

"ತಮ್ಮನಿಗೆ ಬೊಟ್ಟಿಡದೆ ಹೇಗೋ ತಿನ್ನಲಿ? ಬರ್ತಾನೆ. ಆ ಸಿನಿಮಾದೋರು ಬಿಟ್ಟಿರಲ್ಲ. ಅವರಿಗೆ ಅಕ್ಕತಂಗಿ ಇದ್ರೆ ತಾನೆ."

ಸಕ್ಕರೆ ಕಾಯಿಲೆಯವಳು, ಹೀಗೆ ಉಪವಾಸ ಇದ್ದರೆ ಬಿದ್ದುಬಿಡುತ್ತಾಳೆ. ತಡೆಯಲಾರದೆ ಹೇಳಿಬಿಟ್ಟೆ, "ನನಗೇ ಇಡಿ. ನಾನೂ ಒಬ್ಬಳ ತಮ್ಮನೇ."

"ನಿನಗಾ?" ಅವಳಿಗೆ ಅಷ್ಟು ನಿಶ್ಶಕ್ತಿಯಲ್ಲೂ ನಗು ಬಂತು. "ನಿನಗೆ ಯಮನ ಬಾಗಿಲಿಗೆ ಮುಳ್ಳು ಹಾಕ್ಬೇಕಾ? ಅಲ್ಲಿ ನಿನಗೆ ಹಾಸಿಗೆ ಹಾಸಿಟ್ಕೊಂಡು ಕಾಯ್ತಿದಾರೆ."

ಝರ್ಣಾ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. ಆಮೇಲೆ ಅಕ್ಕನ ಪಕ್ಕ ಕೂತು ಮೆಲ್ಲಗೆ, "ಮಾಸಿಮಾ, ತಮ್ಮ ದೂರದಲ್ಲಿದ್ರೆ ಗೋಡೆಗಿಡ್ತಾರಲ್ಲ. ನಮ್ಮಮ್ಮ ಅಸ್ಸಾಮಿಗೆ ಹೋದ ಮಾವನಿಗೆ ಹಾಗೇ ಇಡ್ತಿದ್ರು. ಅವನಿಗೆ ಮುಟ್ಟುತ್ತೆ," ಅಂದಳು.

ಅಕ್ಕ ಒಪ್ಪಲು ಬಹಳ ಹೊತ್ತಾಯಿತು. ಕೊನೆಗೆ ಗಂಧದ ಬಟ್ಟಲು ಹಿಡಿದು, ಗೋಡೆ ಹಿಡಿದುಕೊಂಡು ಎದ್ದಳು. ಇನ್ನೊಂದು ಕೈಯನ್ನು ತನ್ನ ಸೊಂಟದ ಮಟ್ಟಕ್ಕೆ ಹಿಡಿದು ಅಳತೆ ನೋಡಿದಳು.

"ಇಷ್ಟೆತ್ತರ ಇದಾನೆ ಲಟ್ಟು," ಅಂದಳು.

ಆ ಕ್ಷಣದ ತನಕ ಶೂಟಿಂಗಿನಲ್ಲಿದ್ದವನು ಆರು ವರ್ಷದವನಾಗಿದ್ದ. ಬಗ್ಗಿ, ಎಡಗೈ ಕಿರುಬೆರಳು ಅದ್ದಿ, ಸುಣ್ಣದ ಗೋಡೆಗೆ ಮೂರು ಸಲ ಬೊಟ್ಟಿಟ್ಟಳು. ಮಾತುಗಳು ಒಂದೂ ತಪ್ಪಲಿಲ್ಲ. ಗಟ್ಟಿಯಾಗಿ ಒತ್ತಿದಳು; ಒತ್ತಿದ ರಭಸಕ್ಕೆ ಸುಣ್ಣ ಸ್ವಲ್ಪ ಉದುರಿತು. ಝರ್ಣಾ ಶಂಖ ಊದಿದಳು. ಗೋಡೆಯ ಬುಡಕ್ಕೆ ಗರಿಕೆ, ಭತ್ತ ಹಾಕಿ, ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಊಟಕ್ಕೆ ಕೂರಲು ಒಳಗೆ ಹೋದಳು.

ಗಂಧ ಇನ್ನೂ ಹಸಿಯಾಗಿತ್ತು. ನಾನು ಸ್ಟೂಲಿನಿಂದ ಇಳಿದೆ. ಮಂಡಿಯೂರಿದೆ; ಮೂಳೆ ಲಟಕ್ಕೆಂದಿತು. ಅಷ್ಟೆತ್ತರಕ್ಕೆ ತಲೆ ತರಲು ಇನ್ನೂ ಬಗ್ಗಬೇಕಾಯಿತು. ಹಣೆಯನ್ನು ಆ ಬೊಟ್ಟಿಗೆ ಒತ್ತಿ ಹಿಡಿದೆ. ಗೋಡೆ ತಣ್ಣಗಿತ್ತು. ಅತ್ತೆ. ಯಾರೂ ನೋಡುತ್ತಿರಲಿಲ್ಲ.

ಮುಖ ತೊಳೆಯದೆ ಒಳಗೆ ಹೋಗಿ ಬಾಗಿಲಲ್ಲಿ ನಿಂತೆ. ಅಕ್ಕ ತಟ್ಟೆಯ ಮುಂದೆ ಕೂತು ಪೂರಿಯಂಥ ಬಿಸಿ ಲೂಚಿ ಮುರಿಯುತ್ತಿದ್ದಳು. ತಲೆಯೆತ್ತಿ ನನ್ನ ಹಣೆ ನೋಡಿದಳು. ಕೈ ನಿಂತಿತು.

"ಯಾರು ಇಟ್ರು ನಿನಗೆ?"

"ನನ್ನ ಅಕ್ಕ."

"ನಿನಗೂ ಅಕ್ಕ ಇದಾಳಾ?"

"ಇದಾಳೆ."

"ಪಾಪ, ಅವಳ ಹಣೆಬರಹ," ಅಂದಳು. ಆಮೇಲೆ ಏನೋ ನೆನಪಾಗಿ ಗಾಬರಿಯಾದಳು. "ಅವಳೇನಾದ್ರೂ ತಿಂದಳೇನೋ? ಬೆಳಿಗ್ಗೆಯಿಂದ ನಿನಗೋಸ್ಕರ ಉಪವಾಸ ಕೂತಿರ್ತಾಳೆ. ಇಲ್ಲೇನು ಮಾಡ್ತಿದೀಯ, ಹೋಗಿ ನೋಡು ಮೊದಲು."

ಅವಳ ಕೈಯಲ್ಲಿದ್ದ ತುತ್ತನ್ನೇ ನೋಡುತ್ತಾ ನಿಂತೆ.

"ಈಗ ತಾನೇ ಊಟಕ್ಕೆ ಕೂತಿದಾಳೆ."

"ಹಾಗಾದ್ರೆ ಸರಿ," ಎಂದು ತುತ್ತನ್ನು ಬಾಯಿಗಿಟ್ಟುಕೊಂಡಳು. ಅಗಿಯುತ್ತಲೇ ಝರ್ಣಾಗೆ ಇನ್ನೊಂದು ತಟ್ಟೆ ತರುವಂತೆ ಸನ್ನೆ ಮಾಡಿದಳು. "ನೀನೂ ಕೂತ್ಕೋ. ಆರಿಹೋಗತ್ತೆ."